ಆ ಕಡೆಯಿಂದ ಉತ್ತರ ಬರದಿದ್ದರೆ?

ನಿನ್ನೆ ಶಿರಸಿಗೆ ಅಡಿಕೆ ಕೊಡಲು ಹೋದವನು ಸಿಟ್ಟಿನಲ್ಲೇ ಮನೆಗೆ ಬಂದೆ. ಆ ಅಂಗಡಿಯಲ್ಲಿ ತಕ್ಕಡಿಯ ತೂಕ ನೇರ ಟ್ಯಾಬ್‌ಗೆ ಬರುತ್ತದೆ. ನನ್ನ ಮುಂದಿದ್ದ ಹಿರಿಯರ ಚೀಲ ತಕ್ಕಡಿಗೆ ಏರಿದ್ದೇ ತಡ, ಆ್ಯಪ್ ಹ್ಯಾಂಗ್ ಆಯಿತು. "ತಮಾ, ಇದು ನಿನ್ನ ಕೆಲಸವೇ ಅಲ್ದನಾ? ಸ್ವಲ್ಪ ನೋಡು ಮಾರಾಯ" ಎಂದರು. ಬೆಳಗಿನ ಬಸ್ಸಿಗೆ ಬಂದವರು ಪಾಪ, ತೂಕ ಎಲ್ಲಿ ಹೋಯಿತೋ ಎಂದು ಪರದೆಯನ್ನೇ ನೋಡುತ್ತಿದ್ದರು.

ಆ್ಯಪ್ ಬರೆದ ಹುಡುಗ ಪರಿಚಯದವನೇ. ರಾತ್ರಿ ಕೋಡ್ ಕಳಿಸಿದ. ತಕ್ಕಡಿ ಓದುವ ಸರ್ವಿಸ್ (ಹಿನ್ನೆಲೆಯಲ್ಲಿ ಓಡುವ ಭಾಗ) ಸಿ ಪ್ಲಸ್ ಪ್ಲಸ್ ಭಾಷೆಯಲ್ಲಿದೆ, ಬೇರೆ ಪ್ರೊಸೆಸ್‌ನಲ್ಲಿ, ಅಂದರೆ ಆ್ಯಪ್‌ನಿಂದ ಪ್ರತ್ಯೇಕವಾಗಿ ಓಡುತ್ತದೆ. ಆ್ಯಪ್ ಅದಕ್ಕೆ ಬೈಂಡ್ ಆಗಿ (ಜೋಡಿಕೊಂಡು), ಸಿಕ್ಕಿದ ಬೈಂಡರನ್ನು, ಅಂದರೆ ಆ ಪ್ರೊಸೆಸ್ ಜೊತೆ ಮಾತಾಡುವ ಹಿಡಿಯನ್ನು, ಜಾವಾದಿಂದ ದಾಟುವ ಸೇತುವೆಯಾದ ಜೆಎನ್‌ಐ ಮೂಲಕ ತನ್ನ ಸಿ ಪ್ಲಸ್ ಪ್ಲಸ್ (ನೇಟಿವ್) ಕಡೆಗೆ ದಾಟಿಸುತ್ತದೆ. ಆಂಡ್ರಾಯ್ಡ್ 10ರಿಂದ, ನೇಟಿವ್ ಕೋಡ್ ಬರೆಯುವ ಸಲಕರಣೆಯಾದ ಎನ್‌ಡಿಕೆಯಲ್ಲೇ ಇದಕ್ಕೆ ದಾರಿ ಇದೆ. ಎರಡು ಕಡೆಯವರು ಹೇಗೆ ಮಾತಾಡಬೇಕೆಂದು ಬರೆದಿಡುವ ಎಐಡಿಎಲ್ ಕೂಡ ಅಚ್ಚುಕಟ್ಟು. ಆದರೆ ತೂಕ ಕೇಳುವ ಕರೆ ಪರದೆಯನ್ನು ನಡೆಸುವ ಮೇನ್ ಥ್ರೆಡ್‌ನಲ್ಲಿ!

ಬೈಂಡರ್ ಕರೆ ನೋಡಲು ಮಾಮೂಲಿ ಫಂಕ್ಷನ್ ಥರಾನೇ ಇರುತ್ತದೆ. ಮೋಸ ಹೋಗುವುದೇ ಅಲ್ಲಿ. ಒನ್‌ವೇ (ಉತ್ತರಕ್ಕೆ ಕಾಯದ ಕರೆ) ಎಂದು ಬರೆಯದಿದ್ದರೆ ಉತ್ತರ ಬರುವ ತನಕ ಕರೆದ ಥ್ರೆಡ್ ನಿಂತೇ ಇರುತ್ತದೆ. ಇಲ್ಲಿ ಆಗಿದ್ದೂ ಅದೇ. ತಕ್ಕಡಿಯ ಕೇಬಲ್ ಸಡಿಲವಾಗಿತ್ತು. ಸರ್ವಿಸ್ ತಕ್ಕಡಿಗೆ ಕಾಯುತ್ತಿತ್ತು, ಆ್ಯಪ್ ಸರ್ವಿಸ್‌ಗೆ ಕಾಯುತ್ತಿತ್ತು. ಪರದೆ ಮುಟ್ಟಿ 5 ಸೆಕೆಂಡಾದರೂ ಆ್ಯಪ್ ಅಲ್ಲಾಡದಿದ್ದರೆ ಆಂಡ್ರಾಯ್ಡ್ ಎಎನ್‌ಆರ್, ಅಂದರೆ ‘ಆ್ಯಪ್ ಉತ್ತರಿಸುತ್ತಿಲ್ಲ’ ಎಂಬ ದೂರು ಎತ್ತುತ್ತದೆ.

"ಎರಡೂ ಒಂದೇ ಟ್ಯಾಬ್‌ನಲ್ಲಿವೆ ಅಣ್ಣ, ನೆಟ್‌ವರ್ಕ್ ಅಲ್ವಲ್ಲ" ಎಂದ ಹುಡುಗ. ಹೌದು, ನೆಟ್‌ವರ್ಕ್‌ನಷ್ಟು ನಿಧಾನ ಅಲ್ಲ. ಆದರೂ ಒಪ್ಪಲಾರೆ. ತದಡಿ ದಡದಲ್ಲಿ ನಿಂತವರಿಗೆ ಆಚೆ ದಡದ ಅಘನಾಶಿನಿ ಊರು ಕಣ್ಣೆದುರೇ ಕಾಣುತ್ತದೆ, ದಾಟಿಸುವ ತಾರಿ (ದೋಣಿ) ಬರದಿದ್ದರೆ ಈ ಕಡೆಯೇ ನಿಲ್ಲಬೇಕು ಅಲ್ವಾ? ಬೇರೆ ಪ್ರೊಸೆಸ್ ಎಂದರೆ ಬೇರೆ ಜೀವ. ಅದು ಸಿಕ್ಕಿಹಾಕಿಕೊಳ್ಳಬಹುದು, ಕ್ರ್ಯಾಶ್ ಆಗಿ ಸಾಯಲೂಬಹುದು. ಸತ್ತ ಸುದ್ದಿ ತಿಳಿಯಲೆಂದೇ ಲಿಂಕ್‌ಟುಡೆತ್ ಇದೆ. ಬೈಂಡಿಂಗ್ ಬಿಡದಿದ್ದರೆ, ಸರ್ವಿಸ್ ಮತ್ತೆ ಎದ್ದಾಗ ‘ಸಂಪರ್ಕ ಸಿಕ್ಕಿತು’ ಎನ್ನುವ ಆನ್‌ಸರ್ವಿಸ್‌ಕನೆಕ್ಟೆಡ್ ಕರೆ ಮತ್ತೆ ಬರುತ್ತದೆ. ಹಳೆಯ ಬೈಂಡರ್ ಬಿಟ್ಟು ಹೊಸದನ್ನು ಹಿಡಿದರಾಯಿತು. ಇಷ್ಟೆಲ್ಲ ಸೌಕರ್ಯ ಇಟ್ಟುಕೊಂಡು ಜನರನ್ನು ಸುಮ್ನೆ ಕಾಯಿಸುವುದೇಕೆ?

ಹುಡುಗನೊಬ್ಬನ ಮೇಲೆ ಸಿಟ್ಟಲ್ಲ. ಮೊದಲ ಕೆಲಸದಲ್ಲಿ ನಾನೂ ಇದನ್ನೇ ಮಾಡಿದ್ದೆ. ನನ್ನ ಮೇಜಿನ ಮೇಲೆ ಸರ್ವಿಸ್ ಯಾವತ್ತೂ ಬದುಕಿರುತ್ತಿತ್ತು. ಕೊಂದು ನೋಡಬೇಕೆಂದು ಹೊಳೆಯಲೇ ಇಲ್ಲ. ಆ ತಪ್ಪಿಗೆ ಬೇರೆ ಯಾರೋ ಕಾದಿದ್ದಾರೆ, ಅದು ಇವತ್ತಿಗೂ ಚುಚ್ಚುತ್ತದೆ.

ಬೆಳಿಗ್ಗೆ ಇಬ್ಬರೂ ಕೂತೆವು. ಕರೆಯನ್ನು ಬೇರೆ ಥ್ರೆಡ್‌ಗೆ ಹಾಕಿ, ಸರ್ವಿಸ್ ಒಳಗೆ ಟೈಮ್‌ಔಟ್ (ಇಷ್ಟೇ ಹೊತ್ತು ಕಾಯುವುದು ಎಂಬ ಮಿತಿ) ಇಟ್ಟೆವು. ತೂಗುತ್ತಿರುವಾಗಲೇ ಕೇಬಲ್ ಎಳೆದೆವು. ಆಮೇಲೆ ಸರ್ವಿಸನ್ನೇ ಕೊಂದೆವು. ‘ತಕ್ಕಡಿ ಸಿಗುತ್ತಿಲ್ಲ, ಮತ್ತೆ ಜೋಡಿಸುತ್ತಿದ್ದೇವೆ’ ಎಂದು ಬಂತು. ಕೇಬಲ್ ಮತ್ತೆ ಸಿಕ್ಕಿಸಿದ ಚೂರು ಹೊತ್ತಿಗೆ ತೂಕವೂ ಬಂತು. ಹುಡುಗ ಈಗಷ್ಟೇ ಟ್ಯಾಬ್ ಹಿಡಿದು ಅಂಗಡಿಗೆ ಹೋದ.