ಸಹಾಯದನ

ದುಡ್ಡು ಎತ್ತಲು ಹೊರಟ ದಿನವೆಲ್ಲ ನಮ್ಮಲ್ಲಿ ಒಂದು ನಾಯಿ ಜಾಸ್ತಿಯಾಗುತ್ತದೆ. ಇದು ಹೋದ ವರ್ಷದಿಂದ ನಾನು ನೋಡುತ್ತಾ ಬಂದ ಲೆಕ್ಕ. ಅಕ್ಕ ಒಪ್ಪುವುದಿಲ್ಲ. "ಒಂದಲ್ಲ, ಒಂದೂವರೆ" ಅನ್ನುತ್ತಾಳೆ. ಅರ್ಧ ಅಂದರೆ ಬೆಕ್ಕು.

ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಸ್ವಲ್ಪ ಒಳಗೆ ನಮ್ಮ ಮನೆ. ನಾನು ಕನ್ನಡ ಮಾಷ್ಟ್ರಾಗಿ ರಿಟೈರ್ ಆದವನು. ಅಕ್ಕ ಮಂಗಳೂರಿನಲ್ಲಿ ಮೂವತ್ತು ವರ್ಷ ನರ್ಸ್ ಆಗಿದ್ದವಳು. ನನಗೆ ಪೆನ್ಶನ್ ಬರುತ್ತದೆ, ಅಕ್ಕನಿಗೆ ಸುಮ್ಮನೆ ಕೂರಲು ಬರುವುದಿಲ್ಲ. ಇವೆರಡೂ ಒಂದೇ ಮನೆಯಲ್ಲಿ ಸೇರಿದರೆ ಪ್ರಾಣಿಗಳ ಆಶ್ರಯ ಆಗುತ್ತದೆ. ಮೊದಲು ಬಂದವನು ಕರಿಯ. ಜೀಪಿನಡಿಗೆ ಬಿದ್ದು ಹಿಂಗಾಲು ಕಳಕೊಂಡಿದ್ದ. ಅಡಕೆ ಶೆಡ್ಡಿನಲ್ಲಿ ನಾಲ್ಕು ದಿನ ಮಲಗಿರಲಿ ಅಂತ ತಂದದ್ದು. ಗಾಯ ಮಾಯುವಷ್ಟರಲ್ಲಿ ಶೆಡ್ಡಿನಲ್ಲಿ ಏಳು ನಾಯಿ ಇದ್ದವು. ಈಗ ಇಪ್ಪತ್ತಮೂರು. ಅಡಕೆಗೇ ಈಗ ಆಶ್ರಯ ಇಲ್ಲ.

ನಮ್ಮ ಕಡೆ ಮನೆಯ ಹೆಸರೇ ಮನುಷ್ಯನ ಹೆಸರು. ಅಜ್ಜನ ಕಾಲದಿಂದ ಇದ್ದ ಒಳ್ಳೆಯ ಹೆಸರು ಹೋಗಿ ಈಗ ನಾನು 'ನಾಯಿಮನೆ ಮಾಷ್ಟ್ರು'. ಮೊನ್ನೆ ಒಂದು ಮದುವೆ ಕಾಗದದ ಮೇಲೂ ಹಾಗೇ ಬರೆದಿದ್ದರು. ಪೋಸ್ಟ್‌ಮ್ಯಾನ್ ತಪ್ಪಿಲ್ಲದೆ ತಂದುಕೊಟ್ಟ.

ಖರ್ಚಿನ ವಿಷಯ ಹೇಳುತ್ತೇನೆ. ದಿನಕ್ಕೆ ಆರು ಕಿಲೋ ಅಕ್ಕಿ. ಬರೀ ಅನ್ನ ಹಾಕಿದರೆ ಒಮ್ಮೆ ಮೂಸಿ ನೋಡಿ, ಆಮೇಲೆ ನನ್ನ ಮುಖ ನೋಡುತ್ತವೆ. ಬೂತಾಯಿ ಮೀನು ಬೇಕು. ಇಲ್ಲದಿದ್ದರೆ ಕೋಳಿ ಅಂಗಡಿಯ ಕುತ್ತಿಗೆ, ಕಾಲು. ಮಳೆಗಾಲ ಬಂತೆಂದರೆ ತಲೆಬಿಸಿ. ಕೇರಳದಲ್ಲಿ ಜೂನಿನಿಂದ ಜುಲೈ ಕೊನೆಯವರೆಗೆ 52 ದಿನ ಟ್ರಾಲ್ ಬೋಟು ಕಡಲಿಗೆ ಇಳಿಯುವ ಹಾಗಿಲ್ಲ. ಮೀನಿನ ರೇಟು ಕೇಳಿ ಮನುಷ್ಯರೇ ತಗಟೆಸೊಪ್ಪಿನ ಕಡೆ ತಿರುಗುತ್ತಾರೆ. ನಾಯಿಗಳಿಗೆ ಅದನ್ನು ಯಾರು ಹೇಳುವುದು?

ಸರಿಯಾಗಿ ಅದೇ ಹೊತ್ತಿಗೆ ಮರಿಗಳಿಗೆ ಪಾರ್ವೋ ಬರುತ್ತದೆ. ವಾಂತಿ, ರಕ್ತಭೇದಿ. ಎರಡು ದಿನದಲ್ಲಿ ಮರಿ ಒದ್ದೆ ಬಟ್ಟೆಯ ಹಾಗೆ ಬಿದ್ದಿರುತ್ತದೆ. ಡಾಕ್ಟ್ರು ಬಂದು ನೋಡಿ ಹೇಳಿ ಹೋದ ಮೇಲೆ ಡ್ರಿಪ್ ಹಾಕಿ ಕಾಯಬೇಕು. ಅಕ್ಕ ಮರಿಯ ಮುಂಗಾಲಿನ ಕೂದಲು ಬೋಳಿಸಿ, ದಾರದಷ್ಟು ಸಣ್ಣ ನರ ಹುಡುಕಿ ಸೂಜಿ ಇಳಿಸುತ್ತಾಳೆ. ಅಡಕೆ ಕೊಯ್ಯುವ ದೋಟಿಗೆ ಬಾಟಲಿ ಕಟ್ಟಿಕೊಂಡು ಪಕ್ಕದಲ್ಲಿ ನಿಲ್ಲುವುದು ನನ್ನ ಕೆಲಸ. ರಾತ್ರಿ ಎರಡು ಗಂಟೆಗೆ ದೋಟಿ ಹಿಡಿದು ನಿಂತ ನನ್ನನ್ನು ಕಂಡು ಪಕ್ಕದ ಮನೆಯವರು ಕಳ್ಳ ಅಂತ ಟಾರ್ಚ್ ಬಿಟ್ಟದ್ದೂ ಉಂಟು. ಈ ಪಾರ್ವೋ ವೈರಸ್ ನೆಲದಲ್ಲಿ ತಿಂಗಳುಗಟ್ಟಲೆ ಕೂತಿರುತ್ತದೆ. ಫಿನಾಯಿಲಿಗೆಲ್ಲ ಅದು ಕ್ಯಾರೇ ಅನ್ನುವುದಿಲ್ಲ, ಬ್ಲೀಚಿಂಗ್ ಪೌಡರೇ ಬೇಕು. ಬೆಕ್ಕುಗಳಿಗಂತೂ ಫಿನಾಯಿಲ್ ವಿಷ. ಇದು ಗೊತ್ತಾಗುವ ಮೊದಲು, ಐದು ಲೀಟರ್ ಫಿನಾಯಿಲ್ ದಾನ ಕೊಟ್ಟ ಒಬ್ಬರಿಗೆ ನಾನು ಶಾಲು ಹೊದಿಸಿದ್ದೆ.

ಹೋದ ವರ್ಷ ಪೆನ್ಶನ್ ಹದಿನೈದನೇ ತಾರೀಕಿಗೇ ಮುಗಿಯತೊಡಗಿತು. "ಇನ್ನು ಊರವರ ಹತ್ರ ಕೇಳುವುದೇ" ಅಂದಳು ಅಕ್ಕ. ಕೇಳುವುದಾದರೆ ರಶೀದಿ ಪುಸ್ತಕ ಬೇಕು. ಪೇಟೆಯ ಪ್ರೆಸ್ಸಿನಲ್ಲಿ ಡಿಟಿಪಿ ಮಾಡುವ ಹುಡುಗ ನನ್ನ ಹಳೆಯ ಶಿಷ್ಯ. ಪ್ರೂಫ್ ಮೊಬೈಲಿಗೆ ಕಳಿಸಿದ. ನಾನು ಬಸ್ಸಿನಲ್ಲಿ ನಿಂತಿದ್ದೆ, ಕನ್ನಡಕ ಮನೆಯಲ್ಲಿ ಮಲಗಿತ್ತು. ಹೆಬ್ಬೆರಳು ಎತ್ತಿದ ಚಿತ್ರ ಒತ್ತಿ ಕಳಿಸಿದೆ. ಈ ಹೆಬ್ಬೆರಳನ್ನು ನೀವು ಸ್ವಲ್ಪ ನೆನಪಿಟ್ಟುಕೊಳ್ಳಿ.

ಪುಸ್ತಕ ಹಿಡಿದು ಮನೆ ಮನೆಗೆ ಹೊರಟೆ. ಮೊದಲ ಮನೆಯಲ್ಲಿ ಕಾಫಿ ಕೊಟ್ಟರು. ಎರಡನೆಯದರಲ್ಲಿ ಪುನರ್ಪುಳಿ ಶರಬತ್ತು. ಮೂರನೆಯ ಮನೆಯ ಯಜಮಾನರು ಹಲಸಿನ ಹಪ್ಪಳ ಮುರಿಯುತ್ತಾ, "ಅಲ್ಲ ಮಾಷ್ಟ್ರೇ, ಮನುಷ್ಯರಿಗೇ ತಿನ್ನಲಿಕ್ಕಿಲ್ಲ, ನೀವು ನಾಯಿಗೆ ಕೇಳ್ತೀರಲ್ಲ!" ಅಂದರು. ನನಗೂ ಒಂದು ಹಪ್ಪಳ ಕೊಟ್ಟರು. ನಾಲ್ಕನೆಯದು ಭಾವನ ಮನೆ. "ಕ್ಯಾಶ್ ಇಲ್ಲ ಭಾವ, ಅಡಕೆ ಕೊಂಡೋಗಿ" ಅಂತ ಒಂದು ಗೋಣಿ ಸ್ಕೂಟರಿಗೆ ಏರಿಸಿಯೇಬಿಟ್ಟರು. ನನಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ.

ಪೇಟೆಯ ಅಡಕೆ ವ್ಯಾಪಾರಿ ಗೋಣಿಯ ಬಾಯಿ ಬಿಚ್ಚಿದ. ಮೊಣಕೈವರೆಗೆ ಕೈ ಹಾಕಿ ಒಂದು ಹಿಡಿ ತೆಗೆದ. ಒಂದನ್ನು ಕತ್ತರಿಯಲ್ಲಿ ಸೀಳಿದ. ಒಳಗೆ ನನ್ನ ಹಳೆಯ ಕೊಡೆಯ ಬಣ್ಣ. ಅಡಕೆಯಲ್ಲಿ ಹಳತು, ಹೊಸತು, ಪಟೋರ, ಉಳ್ಳಿ, ಕೋಕಾ ಅಂತ ಮೆಟ್ಟಿಲು ಇಳಿಯುತ್ತಾ ಹೋದರೆ ತಳದಲ್ಲೆಲ್ಲೋ ಕರಿಗೋಟು ಸಿಗುತ್ತದೆ. ಇದು ಅದರಲ್ಲೂ ಮಳೆಗೆ ಸಿಕ್ಕಿದ ಕರಿಗೋಟು.

"ಇದು ಕೊಟ್ಟವರು ನಿಮಗೆ ಎಂತ ಆಗಬೇಕು ಮಾಷ್ಟ್ರೇ?"

"ಭಾವ."

"ಹಾಗಾದ್ರೆ ಸರಿ" ಅಂದ ವ್ಯಾಪಾರಿ. ಬಂದ ದುಡ್ಡಿನಲ್ಲಿ ಪೆಟ್ರೋಲ್ ಹಾಕಿಸಿದೆ. ಭಾವನ ಅಂಗಳದಿಂದ ಸ್ಕೂಟರಿನ ಹಿಂದೆಯೇ ಓಡಿಬಂದ ಬಿಳಿ ಮರಿ ಮಾತ್ರ ಹೋಗಲಿಲ್ಲ. ಅವಳು ಈಗ ನಮ್ಮ ಬೊಳ್ಳಿ.

ಮನೆ ಮನೆಗೆ ಹೋಗುವುದು ಹಳೆಯ ಕಾಲದ ಕ್ರಮ, ಈಗೆಲ್ಲ ಮೊಬೈಲಿನಲ್ಲೇ ಕೊಡುವುದು ಅಂತ ಅಳಿಯ ಕ್ಯೂಆರ್ ಕೋಡ್ ಮಾಡಿಸಿಕೊಟ್ಟ. ಜೊತೆಗೆ, ದುಡ್ಡು ಬಿದ್ದ ಕೂಡಲೇ ಕೂಗಿ ಹೇಳುವ ಆ ಸಣ್ಣ ಪೆಟ್ಟಿಗೆಯನ್ನೂ. ಶೆಡ್ಡಿನ ಗೇಟಿಗೆ ಎರಡನ್ನೂ ಕಟ್ಟಿದೆವು. ಪೆಟ್ಟಿಗೆ ಮಲಯಾಳದಲ್ಲಿ ಮಾತಾಡುತ್ತಿತ್ತು. ಗಟ್ಟಿ ಹೆಣ್ಣು ದನಿ. ಮೊದಲ ದಾನ ಒಂದು ರೂಪಾಯಿ, ಅಳಿಯನದ್ದೇ, ಟೆಸ್ಟಿಂಗಿಗೆ. ಪೆಟ್ಟಿಗೆ ಕೂಗಿತು. ಇಪ್ಪತ್ತು ಚಿಲ್ಲರೆ ನಾಯಿಗಳು ಒಟ್ಟಿಗೆ ಎದ್ದು ಬೊಗಳಿದವು. ನಿಲ್ಲಿಸಲು ಹದಿನೈದು ನಿಮಿಷ ಬೇಕಾಯಿತು. ಈ ಸುದ್ದಿ ಶಾಲೆಯ ಮಕ್ಕಳಿಗೆ ಗೊತ್ತಾಯಿತು ನೋಡಿ. ಒಬ್ಬೊಬ್ಬರೂ ಅಪ್ಪನ ಫೋನಿನಿಂದ ಒಂದೊಂದು ರೂಪಾಯಿ ಹಾಕಿ, ಗೇಟಿನ ಹೊರಗೆ ನಿಂತು ನಾಯಿಗಳ ಮೇಳ ಕೇಳಿ ಖುಷಿಪಟ್ಟು ಹೋಗತೊಡಗಿದರು. ತಿಂಗಳ ಕೊನೆಗೆ ನೋಡಿದರೆ ಬಂದದ್ದು ಪೆಟ್ಟಿಗೆಯ ಬಾಡಿಗೆಗೂ ಸಾಲದು. ವಾಪಸ್ ಕೊಟ್ಟೆವು. ಆದರೆ ಕರಿಯನಿಗೆ ಆ ದನಿ ಮರೆತಿಲ್ಲ. ಇವತ್ತಿಗೂ ಅವನನ್ನು ಪೇಟೆಗೆ ಕರಕೊಂಡು ಹೋದರೆ ಯಾವ ಅಂಗಡಿಯಲ್ಲಿ ಯಾರು ದುಡ್ಡು ಹಾಕಿದರೂ ಬೊಗಳುತ್ತಾನೆ.

ಆಮೇಲೆ ತಾಳಮದ್ದಳೆ. ಇದು ಅಕ್ಕನ ಐಡಿಯಾ. ಯಕ್ಷಗಾನದ ಆಟ ಆಡಿಸಿದರೆ ವೇಷ, ರಂಗಸ್ಥಳ, ಲೈಟು ಅಂತ ಮನೆ ಮಾರಬೇಕು. ತಾಳಮದ್ದಳೆಗೆ ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು, ಚೆಂಡೆ, ಮದ್ದಳೆ, ಕೂತು ಅರ್ಥ ಹೇಳುವ ನಾಲ್ಕು ಜನ, ಒಂದು ಮೈಕ್. ಪ್ರಸಂಗಕ್ಕೂ ಹುಡುಕಬೇಕಾಗಿರಲಿಲ್ಲ. ಧರ್ಮರಾಯ ಸ್ವರ್ಗದ ಬಾಗಿಲಿಗೆ ಹೋಗುತ್ತಾನೆ, ಜೊತೆಗೊಂದು ನಾಯಿ. ಇಂದ್ರ ನಾಯಿಯನ್ನು ಬಿಟ್ಟು ಬಾ ಅನ್ನುತ್ತಾನೆ, ಧರ್ಮರಾಯ ಬಿಡುವುದಿಲ್ಲ. ಕೊನೆಗೆ ನೋಡಿದರೆ ನಾಯಿಯೇ ಧರ್ಮದೇವತೆ. ಇದನ್ನು ಕೇಳಿದ ಮೇಲೂ ಜೇಬಿಗೆ ಕೈ ಹೋಗದವನು ಎಂಥಾ ಮನುಷ್ಯ, ಅಲ್ವಾ?

ಇಂದ್ರನ ಅರ್ಥಕ್ಕೆ ಬಂದವರು ಹಗಲು ಹೊತ್ತು ವಕೀಲರು. ಅದೇ ಎಡವಟ್ಟು. ಧರ್ಮರಾಯನಿಗೆ ಆ ದಿನ ಗಂಟಲು ಕಟ್ಟಿತ್ತು, ಪಾಪ, ಎರಡು ಮಾತಿಗೊಮ್ಮೆ ಬಿಸಿನೀರು ಕುಡಿಯುತ್ತಿದ್ದರು. ಇಂದ್ರ ಹಿಡಿತ ಬಿಡಲಿಲ್ಲ. "ಧರ್ಮಜಾ, ಇಂದು ಒಂದು ನಾಯಿಯನ್ನು ಒಳಗೆ ಬಿಟ್ಟರೆ ನಾಳೆ ಸ್ವರ್ಗದ ಬೀದಿಯ ತುಂಬ ನಾಯಿ. ರಂಭೆ, ಊರ್ವಶಿ ನಾಟ್ಯ ಮುಗಿಸಿ ರಾತ್ರಿ ಮನೆಗೆ ಹೋಗುವುದು ಹೇಗೆ? ಕಚ್ಚಿದರೆ ಇಂಜೆಕ್ಷನ್ ಕೊಡಲು ಅಶ್ವಿನಿ ದೇವತೆಗಳಿಗೆ ಪುರುಸೊತ್ತು ಉಂಟೋ?" ಸಭೆ ಚಪ್ಪಾಳೆ ತಟ್ಟಿತು. ಮುಂದಿನ ಸಾಲಿನ ಒಬ್ಬರು "ಸರೀ ಹೇಳಿದ್ರಿ" ಅಂತ ಎದ್ದು ನಿಂತರು. ಧರ್ಮರಾಯ ಸೋತೇ ಹೋಗುತ್ತಿದ್ದ. ಪದ್ಯದಲ್ಲಿ ಗೆದ್ದಿರುವ ಕಾರಣ ಭಾಗವತರು ಗಡಿಬಿಡಿಯಲ್ಲಿ ಮುಂದಿನ ಪದ್ಯ ಎತ್ತಿ ಮರ್ಯಾದೆ ಉಳಿಸಿದರು.

ಮಂಗಳ ಆದ ಮೇಲೆ ನಾನು ಮೈಕ್ ಹಿಡಿದೆ. "ದಾನಿಗಳ ಪಟ್ಟಿ ಓದುತ್ತೇನೆ. ಹತ್ತು ರೂಪಾಯಿ ಕೊಟ್ಟವರೂ ಪಟ್ಟಿಯಲ್ಲಿದ್ದಾರೆ. ಬಾಕಿ ಉಳಿದವರೂ ದಯವಿಟ್ಟು ಈ ಪಟ್ಟಿಗೆ ಸೇರಬೇಕು." ಹೀಗೆ ಒಂದು ಹತ್ತು ಸಲ ಹೇಳಿರಬಹುದು. ಇಳಿದು ಬಂದರೆ ಹಾರ್ಡ್‌ವೇರ್ ಅಂಗಡಿಯವರು ಮುಖ ಕೆಂಪು ಮಾಡಿಕೊಂಡು ನಿಂತಿದ್ದಾರೆ. ದಕ್ಷಿಣ ಕೇರಳದ ಕಡೆಯಿಂದ ಬಂದು ಅಂಗಡಿ ಇಟ್ಟವರು, ಕನ್ನಡ ಅಷ್ಟಕ್ಕಷ್ಟೇ. "ಮಾಷೇ, ಐನೂರು ರೂಪಾಯಿ ಕೊಟ್ಟು ನಾನು ಪಟ್ಟಿ ಆಗಬೇಕಾ?" ಘಟ್ಟದ ಮೇಲಿನವರಿಗೆ ಹೇಳಬೇಕು: ಮಲಯಾಳದಲ್ಲಿ ಪಟ್ಟಿ ಅಂದರೆ ನಾಯಿ. ಬೈಗುಳಕ್ಕೂ ಅದೇ. 1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಸೇರಿದಾಗಿನಿಂದ ನಮಗೆ ತೊಂದರೆ ಹಲವು. ಇದು ಮಾತ್ರ ನಾನೇ ಮೈಕಿನಲ್ಲಿ ಮಾಡಿಕೊಂಡದ್ದು. ಅವರಿಗೆ ಎರಡು ಗೋಳಿಬಜೆ, ಒಂದು ಚಾ ಕೊಟ್ಟು ಸಮಾಧಾನ ಮಾಡಿದೆ. ಅಂದಿನಿಂದ ನಮ್ಮಲ್ಲಿ ಪಟ್ಟಿ ಇಲ್ಲ, 'ದಾನಿಗಳ ವಿವರ' ಇದೆ.

ಮೈಕ್, ಚಾ, ಕಲಾವಿದರ ಸಂಭಾವನೆ ಕಳೆದರೆ ಕೈಯಿಂದ ಎಂಟುನೂರು ಹೋಗಿತ್ತು. ಲಾಭ ಅಂದರೆ ಮಧ್ಯಾಹ್ನದ ಪೂಜೆ ಊಟದಲ್ಲಿ ಉಳಿದ ಎರಡು ಪಾತ್ರೆ ಅನ್ನ, ಸಾಂಬಾರು. ಪೂಜೆ ಊಟಕ್ಕೆ ನೀರುಳ್ಳಿ ಹಾಕುವುದಿಲ್ಲ. ನಾಯಿಗಳಿಗೆ ನೀರುಳ್ಳಿ ಆಗುವುದಿಲ್ಲ, ರಕ್ತ ಕೆಡಿಸುತ್ತದೆ. ಹಾಗಾಗಿ ಮದುವೆ ಮನೆಯ ಬಿರಿಯಾನಿ ಬಂದರೆ ಅಕ್ಕ ವಾಪಸ್ ಕಳಿಸುತ್ತಾಳೆ, ಸತ್ಯನಾರಾಯಣ ಪೂಜೆಯ ಊಟ ಬಂದರೆ ಇಳಿಸಿಕೊಳ್ಳುತ್ತಾಳೆ. ಪಾತ್ರೆ ಎತ್ತಲು ಹೋದಾಗ ಚಪ್ಪಲಿಗಳ ಪಕ್ಕ ಮಿಕ್ಸಿಯ ರಟ್ಟಿನ ಪೆಟ್ಟಿಗೆ ಕಂಡಿತು. ಯಾರೋ ಮಿಕ್ಸಿ ದಾನ ಕೊಟ್ಟಿದ್ದಾರೆ ಅಂತ ತೆರೆದರೆ ನಾಲ್ಕು ಮರಿ.

ನಡುವೆ ಒಬ್ಬ ದೊಡ್ಡ ಕುಳ ಫೋನ್ ಮಾಡಿದ್ದರು. "ನಿಮ್ಮಲ್ಲಿ 80ಜಿ ಉಂಟಾ?" "4ಜಿಯೇ ಗುಡ್ಡ ಹತ್ತಿದರೆ ಸಿಗುವುದು ಸ್ವಾಮೀ" ಅಂದೆ. ಫೋನ್ ಇಟ್ಟರು. ಟ್ರಸ್ಟ್ ಮಾಡಿ ರಿಜಿಸ್ಟರ್ ಮಾಡಿಸಿ ಆ 80ಜಿ ಅಂತ ತೆಗೆದರೆ ಕೊಟ್ಟವರಿಗೆ ತೆರಿಗೆಯಲ್ಲಿ ವಿನಾಯಿತಿ ಸಿಗುತ್ತದೆ ಅಂತ ಆಮೇಲೆ ತಿಳಿಯಿತು. ಅರ್ಜಿ ಹಾಕಲು ಆಡಿಟರ್ ಫೀಸು ಬೇಕು. ಫೀಸಿಗೆ ದುಡ್ಡು ಎತ್ತಬೇಕು. ದುಡ್ಡು ಎತ್ತಲು ಹೊರಟರೆ, ಹೇಳಿದೆನಲ್ಲ.

ಇಷ್ಟಾದ ಮೇಲೆ, ಒಂದು ಬೆಳಿಗ್ಗೆ ಜಿರಿಜಿರಿ ಮಳೆ. ನೀರ್ಚಾಲು ಕಡೆಯ ಒಬ್ಬ ಅಜ್ಜ, ತಲೆಗೆ ಮುಟ್ಟಾಳೆ, ಕೈಯಲ್ಲಿ ಹಗ್ಗ. ಹಗ್ಗದ ತುದಿಗೆ ಒಂದು ದನ. ಕಾಸರಗೋಡು ಗಿಡ್ಡ ತಳಿ, ಕಂದು ಬಣ್ಣದ್ದು, ನನ್ನ ಸೊಂಟದಷ್ಟೂ ಎತ್ತರ ಇಲ್ಲ. ನಾಯಿಗಳೆಲ್ಲ ಒಟ್ಟಿಗೆ ಬೊಗಳಿದವು. ದನ ಗಾಬರಿಯಾಗಲಿಲ್ಲ. ತಲೆ ತಗ್ಗಿಸಿ ಒಂದು ಹೆಜ್ಜೆ ಮುಂದಿಟ್ಟಿತು. ಕರಿಯ ಮೂರೇ ಕಾಲಲ್ಲಿ ನಾಲ್ಕು ಕಾಲಿನ ಸ್ಪೀಡಿಗೆ ಶೆಡ್ಡು ಸೇರಿದ.

"ತಕೊಳ್ಳಿ ಮಾಷ್ಟ್ರೇ. ನೀವು ಕೇಳಿದ್ದು."

"ನಾನು ದನ ಕೇಳಿಲ್ಲ ಅಜ್ಜಾ. ದುಡ್ಡು ಕೇಳಿದ್ದು."

ಅಜ್ಜ ಅಂಗಿಯ ಒಳಜೇಬಿನಿಂದ ಪ್ಲಾಸ್ಟಿಕ್ ತೊಟ್ಟೆ ತೆಗೆದರು. ಅದರೊಳಗೆ ಮಡಚಿಟ್ಟ ನಮ್ಮ ರಶೀದಿ. ಹಿಂದೆ ಐವತ್ತು ರೂಪಾಯಿ ಕೊಟ್ಟಾಗ ನಾನೇ ಬರೆದುಕೊಟ್ಟದ್ದು. ಮೇಲೆ ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು: 'ಮೂಕಪ್ರಾಣಿಗಳಿಗಾಗಿ ಸಹಾಯದನ ನೀಡಿ.'

ಮೂವತ್ತು ವರ್ಷ ನಾನು ಮಕ್ಕಳ ಕಾಪಿ ಪುಸ್ತಕದಲ್ಲಿ ಕೆಂಪು ಶಾಯಿಯಿಂದ ದಕಾರದ ಹೊಟ್ಟೆ ಸೀಳಿದವನು. 'ಧನ ಬೇರೆ, ದನ ಬೇರೆ' ಅಂತ ಬೆಂಚಿನ ಮೇಲೆ ನಿಲ್ಲಿಸಿದವನು. ಪ್ರೆಸ್ಸಿನ ಹುಡುಗನಿಗೆ ಫೋನ್ ಮಾಡಿ ಕೂಗಾಡಿದೆ. ಅವನು ಮಾತೇ ಆಡಲಿಲ್ಲ. ಹಳೆಯ ಪ್ರೂಫನ್ನೂ ಅದರ ಕೆಳಗಿದ್ದ ನನ್ನ ಹೆಬ್ಬೆರಳನ್ನೂ ಫೋಟೋ ತೆಗೆದು ಕಳಿಸಿದ. ಇನ್ನೂರು ರಶೀದಿ ಹರಿದು ಹಂಚಿದ್ದೇನೆ. ಒಬ್ಬರೂ ಹೇಳಲಿಲ್ಲ.

ಅಕ್ಕ ಕೊಡೆ ಹಿಡಿದು ಬಂದು ದನದ ಕಣ್ಣು ನೋಡಿದಳು, ಕಿವಿ ಮುಟ್ಟಿದಳು, ಗೊರಸು ಎತ್ತಿ ನೋಡಿದಳು. "ಹಾಲು ಉಂಟಾ ಅಜ್ಜಾ?" "ಇಲ್ಲ. ವಯಸ್ಸಾಯ್ತು ಅದಕ್ಕೆ. ನನಗೂ. ಮಗ ನಾಡಿದ್ದು ಬೆಂಗಳೂರಿಗೆ ಕರಕೊಂಡು ಹೋಗ್ತಾನೆ, ಫ್ಲ್ಯಾಟಿಗೆ. ಮಾರಿದ್ರೆ ಇದು ಎಲ್ಲಿಗೆ ಹೋಗ್ತದೆ ಅಂತ ನಿಮಗೆ ಗೊತ್ತುಂಟಲ್ಲ." ಅಕ್ಕ ಮತ್ತೆ ಏನೂ ಕೇಳಲಿಲ್ಲ. ಹಗ್ಗ ತಕೊಂಡು ಹಳೆಯ ಹಟ್ಟಿಯ ಕಡೆ ನಡೆದಳು. ದನ ಅವಳ ಸೆರಗು ಮೂಸುತ್ತಾ ಹಿಂದೆ ಹೋಯಿತು.

ಅಜ್ಜ ಮಾತ್ರ ಹೊರಡಲಿಲ್ಲ. "ರಶೀದಿ?" ಅಂದರು.

ಒಳಗೆ ಹೋಗಿ ಪುಸ್ತಕ ತಂದೆ, ಈ ಸಲ ಕನ್ನಡಕವನ್ನೂ. ಹೆಸರು ಬರೆದೆ, ಊರು ಬರೆದೆ. ಮೊತ್ತ ಅಂತ ಇದ್ದಲ್ಲಿ 1 ಅಂತ ಹಾಕಿದೆ. ಅದರ ಕೆಳಗೆ 'ಅಕ್ಷರದಲ್ಲಿ' ಅಂತ ಇತ್ತು. ಪೆನ್ನು ಹಿಡಿದು ಸ್ವಲ್ಪ ಹೊತ್ತು ಕೂತೆ. ಆಮೇಲೆ ಬರೆದೆ: 'ದನ ಒಂದು ಮಾತ್ರ.'

ಅಜ್ಜ ರಶೀದಿಯನ್ನು ಕಣ್ಣಿನ ಹತ್ತಿರ ಹಿಡಿದು ನಿಧಾನಕ್ಕೆ ಓದಿದರು. ಮಡಚಿ ತೊಟ್ಟೆಯೊಳಗೆ ಇಟ್ಟರು. ಮುಟ್ಟಾಳೆ ಸರಿಮಾಡಿಕೊಂಡು ಮೆಟ್ಟಿಲು ಇಳಿಯುತ್ತಾ ಕೇಳಿದರು:

"ಇದರಲ್ಲಿ ದ ಸರಿ ಉಂಟಲ್ಲ ಮಾಷ್ಟ್ರೇ?"