ನಂಬರ್ ಅಷ್ಟೇ ನಿಮ್ದು, ಹೆಲ್ಮೆಟ್ ಅಲ್ಲ

ಕೆಲವು ಗೇಮ್ ಕಂಪನಿಗಳು ಆಟದಾಗಿನ ಹೆಲ್ಮೆಟ್‌ನಂಥ ಸಾಮಾನನ್ನ ಎನ್‌ಎಫ್‌ಟಿ (ಮಾಲೀಕರು ಯಾರಂತ ತೋರಿಸೋ ಡಿಜಿಟಲ್ ಟೋಕನ್) ಮಾಡಿ ಕೊಡ್ತಾವ, ಅದಕ್ಕ ಅಭಿಮಾನಿಗಳು ಗದ್ದಲ ಮಾಡ್ತಾರ. "ಆಟ ಬಂದ್ ಆದ್ರೂ ಎನ್‌ಎಫ್‌ಟಿ ಆಟಗಾರನ ಹತ್ರನೇ ಉಳೀತದ, ಅಭಿಮಾನಿಗಳ ಗದ್ದಲಕ್ಕ ಅರ್ಥ ಇಲ್ಲ" ಅನ್ನೋ ಮಾತು ಅರ್ಧ ಅಷ್ಟೇ ಖರೇ ಅದ. ಬ್ಲಾಕ್‌ಚೈನ್‌ದಾಗ (ಬಹಳ ಕಂಪ್ಯೂಟರ್‌ಗಳು ಹಂಚಿಕೊಂಡು ಇಟ್ಟಿರೋ ಲೆಕ್ಕದ ಪುಸ್ತಕ) ಉಳಿಯೋದು ಸಾಮಾನ್ಯವಾಗಿ ಒಂದು ಟೋಕನ್ ನಂಬರ್, ಒಂದು ಲಿಂಕ್. ಹೆಲ್ಮೆಟ್‌ನ ತ್ರೀಡಿ ಮಾಡೆಲ್ ಆಟದ ಫೈಲ್‌ದಾಗ, ಹಾಕ್ಕೊಳ್ಳೋ ಅನುಮತಿ ಕಂಪನಿ ಸರ್ವರ್‌ದಾಗ. ಸರ್ವರ್ ನಿಂತ್ರ ಹೆಲ್ಮೆಟ್ ಎಲ್ಲಿ ಹಾಕ್ತೀರಿ?

ಗೇಮ್ ಕಂಪನಿ ಯೂಬಿಸಾಫ್ಟ್ 2021ರ ಡಿಸೆಂಬರ್‌ದಾಗ ಘೋಸ್ಟ್ ರೆಕಾನ್ ಬ್ರೇಕ್‌ಪಾಯಿಂಟ್ ಆಟಕ್ಕ ಸೀರಿಯಲ್ ನಂಬರ್ ಇರೋ ಎನ್‌ಎಫ್‌ಟಿ ಸಾಮಾನು ತಂತು. 2022ರ ಏಪ್ರಿಲ್‌ದಾಗ ಆ ಆಟಕ್ಕ ಹೊಸ ಕಂಟೆಂಟ್ ಬರಂಗಿಲ್ಲ ಅಂತು. ಸ್ಟಾಕರ್ 2 ಅನ್ನೋ ಆಟದ ತಯಾರಕರು ಮಾತ್ರ ಆಟಗಾರರು ತಿರುಗಿಬಿದ್ದ ಕೂಡ್ಲೇ, ಎರಡು ದಿನ ತುಂಬೋದ್ರಾಗ, ಎನ್‌ಎಫ್‌ಟಿ ಯೋಜನೆ ಕೈಬಿಟ್ರು. ಗದ್ದಲಕ್ಕ ಫಲ ಅದ್ರಿ.

ಕಲಬುರಗಿ ಹುಡುಗ್ರು ಟ್ಯಾಕ್ಸ್ ಲೆಕ್ಕನೂ ನೋಡ್ರಿ. ಎನ್‌ಎಫ್‌ಟಿ 10,000ಕ್ಕ ತಗೊಂಡು 15,000ಕ್ಕ ಮಾರಿದ್ರ ಲಾಭ 5,000. 30% ತೆರಿಗೆ, ಅದರ ಮ್ಯಾಲ 4% ಸೆಸ್, ಒಟ್ಟು 1,560 ರೂಪಾಯಿ. ಗ್ಯಾಸ್ ಫೀ (ಬ್ಲಾಕ್‌ಚೈನ್‌ದಾಗ ವ್ಯವಹಾರ ಮಾಡಲಿಕ್ಕ ಕೊಡೋ ಶುಲ್ಕ) ಲಾಭದಾಗ ಕಳೆಯಂಗಿಲ್ಲ. ಇನ್ನೊಂದು ಟೋಕನ್‌ದಾಗ ಲಾಸ್ ಆಗಿದ್ರ ಅದನ್ನೂ ಇದಕ್ಕ ಹೊಂದಿಸಲಿಕ್ಕ ಬರಂಗಿಲ್ಲ.

ವಾಲೆಟ್ (ಟೋಕನ್ ನೋಡಿಕೊಳ್ಳೋ ಆ್ಯಪ್) ಯಾವುದೇ ಸೈಟ್‌ಗೆ ಜೋಡಿಸುವಾಗ ಪಾಪ್‌ಅಪ್ ಪೂರ್ತಿ ಓದ್ರಿ. "ಎಲ್ಲಾ ಟೋಕನ್‌ಗೂ ಅನುಮತಿ" ಅಂತಿದ್ರ ಒತ್ತಬ್ಯಾಡ್ರಿ, ಅನುಮತಿ ಪಡೆದವರು ಆ ಟೋಕನ್ ಸಂಗ್ರಹದಾಗ ನಿಮ್ದು ಇದ್ದದ್ದೆಲ್ಲಾ ನಿಮ್ಮನ್ನ ಮತ್ತ ಕೇಳದೇ ಎತ್ತಿಕೊಂಡು ಹೋಗಬಹುದು.