ಸಾಲಕ್ಕೆ ಅಂಟಿಸಿದ ವಿಮೆ: ಪರಿಹಾರ ಕೇಳಬೇಕೆ?

ಪರ

ಕೇಳಲೇಬೇಕು. ಗೃಹಸಾಲಕ್ಕೆ ಸಾಲಗಾರನ ಜೀವವಿಮೆ (ಆತ ತೀರಿಕೊಂಡರೆ ಸಾಲದ ಬಾಕಿ ತೀರಿಸುವಂಥದ್ದು) ಕಡ್ಡಾಯವೆಂದು ಯಾವ ಕಾನೂನೂ ಹೇಳುವುದಿಲ್ಲ. ಆದರೂ ಬ್ಯಾಂಕಿನವರು ‘ಇದಿಲ್ಲದೆ ಮಂಜೂರಾಗಲ್ಲ ಸರ್’ ಎಂದು ಸಹಿ ಹಾಕಿಸಿಕೊಳ್ಳುತ್ತಾರೆ. 1.2 ಲಕ್ಷ ರೂಪಾಯಿ ಪ್ರೀಮಿಯಂ ಸಾಲದೊಳಗೇ ಸೇರಿತೆನ್ನಿ. ಶೇ 9ರ ಬಡ್ಡಿಗೆ 20 ವರ್ಷ ತಿಂಗಳಿಗೆ ಸುಮಾರು 1,080 ರೂಪಾಯಿ. ಒಟ್ಟು ಕಟ್ಟುವುದು 2.59 ಲಕ್ಷ!

ಪಾಲಿಸಿ ಕೈಸೇರಿದ 30 ದಿನದೊಳಗಾದರೆ ಫ್ರೀ ಲುಕ್ ಅವಧಿಯಲ್ಲೇ, ಅಂದರೆ ಪಾಲಿಸಿ ಓದಿ ನೋಡಿ ಬೇಡವೆನ್ನಲು ಇರುವ ಗಡುವಿನಲ್ಲೇ, ರದ್ದು ಮಾಡಿಸಿ. ಅಷ್ಟು ದಿನದ ವಿಮಾ ರಕ್ಷಣೆಯ ಪ್ರೀಮಿಯಂ, ವೈದ್ಯಕೀಯ ತಪಾಸಣೆ ಮತ್ತು ಸ್ಟಾಂಪ್ ಖರ್ಚು ಕಳೆದು ಉಳಿದದ್ದು ಬರುತ್ತದೆ. ಅವಧಿ ಮೀರಿದ್ದರೆ ವಿಮಾ ಕಂಪನಿಗೆ ಲಿಖಿತ ದೂರು ಕೊಡಿ. ಮಂಜೂರಾತಿ ಪತ್ರ, ಸಾಲದ ಖಾತೆಯ ಸ್ಟೇಟ್‌ಮೆಂಟ್, ವಿಮೆಯ ಅರ್ಜಿಯ ಪ್ರತಿ, ಬ್ಯಾಂಕಿನವರು ಕಳಿಸಿದ ವಾಟ್ಸ್‌ಆ್ಯಪ್ ಸಂದೇಶ ಎಲ್ಲವೂ ಜೊತೆಗಿರಲಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ವರ್ಷದೊಳಗೆ ವಿಮಾ ಓಂಬುಡ್ಸ್‌ಮನ್ (ವಿಮೆಯ ದೂರುಗಳನ್ನು ಇತ್ಯರ್ಥ ಮಾಡುವ ಅಧಿಕಾರಿ) ಬಳಿ ಹೋಗಬಹುದು. ಬೆಂಗಳೂರಿನ ಕಚೇರಿ ಜೆ.ಪಿ. ನಗರದ ಜೀವನ್ ಸೌಧದಲ್ಲಿದೆ. ಶುಲ್ಕವಿಲ್ಲ, ವಕೀಲರೂ ಬೇಡ. ಗ್ರಾಹಕರ ಆಯೋಗದಲ್ಲಿ ಪ್ರಕರಣ ಹೂಡಿದ್ದರೆ ಮಾತ್ರ ಇಲ್ಲಿ ದೂರು ತೆಗೆದುಕೊಳ್ಳುವುದಿಲ್ಲ.

‘ವಿಮೆ ಇದ್ದರೆ ಮನೆಯವರಿಗೆ ಒಳ್ಳೆಯದಲ್ಲವೆ’ ಎನ್ನುವವರು ಅರ್ಜಿಯ ಆರೋಗ್ಯದ ಕಲಂ ನೋಡಲಿ. ಸಕ್ಕರೆ ಕಾಯಿಲೆಯ ಎದುರು ಏಜೆಂಟರೇ ‘ಇಲ್ಲ’ ಎಂದು ಗುರುತು ಹಾಕಿರುತ್ತಾರೆ. ಸಾವು ಮೂರು ವರ್ಷದೊಳಗೆ ಆದರೆ ಅದೇ ಗುರುತು ತೋರಿಸಿ ಕ್ಲೇಮು ತಿರಸ್ಕರಿಸುತ್ತಾರೆ. ಪ್ರೀಮಿಯಂ ಹೋಯಿತು, ಸಾಲ ಉಳಿಯಿತು. ಇಂಥದ್ದಕ್ಕೂ ಪರಿಹಾರ ಕೇಳಬಾರದೆ?

ವಿರೋಧ

ಗೃಹಸಾಲ ಪಡೆದವರೆಲ್ಲ ಫೈಲು ಹೊತ್ತು ಜೆ.ಪಿ. ನಗರಕ್ಕೆ ಹೊರಡಬೇಕಂತೆ. ಅರ್ಜಿಯ ಮೇಲೆ ನಿಮ್ಮ ಸಹಿ ಇದೆ, ಮೊಬೈಲಿಗೆ ಬಂದ ಒಟಿಪಿಯನ್ನು ನೀವೇ ಹೇಳಿದ್ದೀರಿ. ಬಾಯಲ್ಲಿ ಕೊಟ್ಟ ಬೆದರಿಕೆಗೆ ಸಾಕ್ಷಿ ಎಲ್ಲಿ? 30 ದಿನದೊಳಗೆ ರದ್ದು ಮಾಡಿಸುವವರ ಮಾತು ಬೇರೆ, ಅದಕ್ಕೆ ನನ್ನ ತಕರಾರಿಲ್ಲ. ಮೂರ್ನಾಲ್ಕು ವರ್ಷ ಕಳೆದ ಮೇಲೆ ದೂರು ಬಿದ್ದುಹೋದರೆ ಉಳಿಯುವುದು ಸರೆಂಡರ್ ಮೌಲ್ಯ, ಅಂದರೆ ಪಾಲಿಸಿಯನ್ನು ನಡುವೆಯೇ ಬಿಟ್ಟರೆ ಸಿಗುವ ಹಣ. ಅದು ಕಟ್ಟಿದ ಪ್ರೀಮಿಯಂಗಿಂತ ಬಹಳ ಕಡಿಮೆ.

ಇನ್ನೊಂದು ಮಾತು. ಈ ಪಾಲಿಸಿ ರದ್ದಾದ ಮರುದಿನ ಸಾಲಗಾರ ತೀರಿಕೊಂಡರೆ ಬಾಕಿಯೆಲ್ಲ ಮನೆಯವರ ಮೇಲೆ. ಬೇರೆ ಟರ್ಮ್ ವಿಮೆ (ನಿಗದಿತ ಅವಧಿಯೊಳಗೆ ತೀರಿಕೊಂಡರೆ ಮನೆಯವರಿಗೆ ಹಣ ಕೊಡುವ ವಿಮೆ) ಕೈಗೆ ಬರುವ ಮೊದಲು ಇದನ್ನು ಬಿಡಬೇಡಿ. 45 ದಾಟಿದವರಿಗೆ, ಬಿಪಿ ಇದ್ದವರಿಗೆ ಹೊಸದು ದುಬಾರಿ; ಕೆಲವರಿಗೆ ಸಿಗುವುದೂ ಇಲ್ಲ. ಸಾಲವನ್ನು ಅವಧಿಗೆ ಮೊದಲೇ ತೀರಿಸುವವರು ಉಳಿದ ಅವಧಿಯ ಪ್ರೀಮಿಯಂ ವಾಪಸಿಗೆ ಆಗಲೇ ಅರ್ಜಿ ಹಾಕಲಿ. ಬ್ಯಾಂಕಿನವರು ತಾವಾಗಿ ನೆನಪಿಸುವುದು ಅಪರೂಪ.